ಮಳೆ ಪುಸ್ತಕದಲ್ಲಿ ನಮ್ಮ ಪದ್ಮಿನಿ

ಕೊಡಗಲ್ಲಿ ಹಳೇ ಕಾರು ಇಟ್ಕೊಳ್ಳೋದು ಅಂದ್ರೆ ಮಳೆಯಿಂದ ಅದನ್ನ ಕಾಪಾಡೋದು, ಎಂಜಿನ್ ವಿಷಯ ಎಲ್ಲ ಆಮೇಲೆ. ನಮ್ಮನೇಲಿರೋದು 1992 ಮಾಡೆಲ್ ಪ್ರೀಮಿಯರ್ ಪದ್ಮಿನಿ, ಕೆಎ-12 ನಂಬರ್, ಕ್ರೀಮ್ ಕಲರ್. ಅಪ್ಪ ಅದನ್ನ 1995ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದರ ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟೋಗಿ ಇಲ್ಲಿ ರೇಟು ಏರಿದ್ದು ಬೆಳೆಗಾರರಿಗೆಲ್ಲ ನೆನಪಿರುತ್ತೆ, ಆ ದುಡ್ಡಲ್ಲಿ ಸುಂಟಿಕೊಪ್ಪ ಸುತ್ತಮುತ್ತ ತುಂಬಾ ಮನೆಗೆ ಜೀಪು ಬಂತು, ಅಪ್ಪನಿಗೂ ಜೀಪಿನ ಮೇಲೇ ಮನಸ್ಸಿತ್ತು, ಆದ್ರೆ ಅಮ್ಮ ಮಳೇಲಿ ನೆನ್ಕೊಂಡು ಮದುವೆಗೆ ಹೋಗೋಕಾಗಲ್ಲ ಅಂತ ಹಠ ಹಿಡಿದ್ರು. ಹಂಗೆ ಪದ್ಮಿನಿ ಬಂತು.

ಮೊದಲನೇ ಮಳೆಗಾಲದಲ್ಲೇ ದೊಡ್ಡ ತಪ್ಪಾಯ್ತು. ಶೆಡ್ ಇರ್ಲಿಲ್ಲ ಅಂತ ಕಾಫಿ ಒಣಗಿಸೋ ಕಣದಲ್ಲಿ ನಿಲ್ಸಿ ಮೇಲಿಂದ ಕೆಳಗಿನ ತನಕ ಟಾರ್ಪಾಲ್ ಸುತ್ತಿ ಕಟ್ಟಿದ್ವಿ. ಸೆಪ್ಟೆಂಬರಲ್ಲಿ ಬಿಚ್ಚಿ ನೋಡಿದ್ರೆ ಸೀಟಿನ ತುಂಬಾ ಬಿಳಿ ಬೂಷ್ಟು, ಡ್ರೈವರ್ ಕಾಲಡಿ ಮ್ಯಾಟ್ ಎತ್ತಿದ್ರೆ ತಗಡು ಬಿಸ್ಕೆಟ್ ಥರ ಪುಡಿಪುಡಿ. ಟಾರ್ಪಾಲ್ ಒಳಗೆ ತೇವ ಸಿಕ್ಕಾಕ್ಕೊಂಡು ಅದಕ್ಕೆ ಹೊರಗೆ ಹೋಗೋಕೆ ದಾರಿನೇ ಇಲ್ಲ. ಆಮೇಲೆ ಸಿಲ್ವರ್ ಓಕ್ ಕಂಬ ನೆಟ್ಟು ಮೇಲೆ ಶೀಟ್ ಹಾಕಿ, ಪಕ್ಕ ಎಲ್ಲ ಓಪನ್ ಬಿಟ್ವಿ, ಗಾಳಿ ಆಡ್ಬೇಕು. ಇವತ್ತಿಗೂ ಅದೇ ಶೆಡ್, ಕಂಬ ಮಾತ್ರ ಎರಡು ಸಲ ಬದಲಾಯ್ಸಿದೀನಿ.

ತೂತು ಬಿದ್ದ ಜಾಗಕ್ಕೆ ಲಪ್ಪ, ಅಂದ್ರೆ ಪುಟ್ಟಿ, ಮೆತ್ತಿ ಪೇಂಟ್ ಹೊಡಿಯೋರು ಇದಾರೆ, ದಯವಿಟ್ಟು ಮಾಡಿಸ್ಬೇಡಿ, ಅದರ ಹಿಂದೆ ನೀರು ಕೂತು ಇನ್ನೂ ಜಾಸ್ತಿ ತಿನ್ನುತ್ತೆ. ನಾವು ಕುಶಾಲನಗರದಲ್ಲಿ ಹಾಳಾದ ತಗಡು ಪೂರ್ತಿ ಕಟ್ ಮಾಡಿಸಿ ಹೊಸ ಶೀಟ್ ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ ಹೊಡೆದು, ಅಡಿಗೆ ಟಾರ್ ಕೋಟ್ ಕೊಡ್ಸಿದ್ವಿ. ಆ ಕೆಲಸ ಮಾಡಿದ ಮೆಕ್ಯಾನಿಕ್‌ನ ಎಲ್ರೂ ಕಾಕಾ ಅಂತಿದ್ರು, ನಾನು ಕಲ್ತಿದ್ದೆಲ್ಲ ಅವರ ಹತ್ರಾನೇ. ಡೋರ್ ಕೆಳಗಡೆ ಅಂಚಲ್ಲಿ ನೀರು ಇಳಿಯೋಕೆ ಸಣ್ಣ ತೂತು ಇರುತ್ತೆ, ಅದಕ್ಕೆ ಎಲೆ ಮಣ್ಣು ಸೇರಿ ಮುಚ್ಚೋಗುತ್ತೆ, ಮೇ ಕೊನೆಗೆ ಒಂದು ತಂತಿ ತಗೊಂಡು ನಾಲ್ಕೂ ಡೋರಿಂದು ಬಿಡಿಸ್ಬೇಕು ಅಂತ ತೋರ್ಸಿದ್ದು ಅವರೇ. ಹತ್ತು ನಿಮಿಷದ ಕೆಲಸ, ಡೋರು ಉಳಿಯುತ್ತೆ.

ಹ್ಯಾಂಡ್‌ಬ್ರೇಕ್ ವಿಷಯಾನೂ ಹೇಳ್ಬೇಕು. ಪದ್ಮಿನಿಗೆ ಡ್ರಮ್ ಬ್ರೇಕು, ಜೂನ್ ಜುಲೈಲಿ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ಬಿಟ್ರೆ ಒಳಗಿನ ಬ್ರೇಕ್ ಶೂ ಹೋಗಿ ಡ್ರಮ್ಮಿಗೆ ಅಂಟ್ಕೊಂಡು ಚಕ್ರ ತಿರುಗಲ್ಲ. ಅದಕ್ಕೆ ಮಳೆಗಾಲ ಪೂರ್ತಿ ಗೇರಲ್ಲಿ ನಿಲ್ಸಿ ಚಕ್ರಕ್ಕೆ ಸೌದೆ ತುಂಡು ಕೊಡ್ತೀನಿ, ವಾರಕ್ಕೆ ಎರಡು ಸಲ ಸಂತೆಗೋ ಪೇಟೆಗೋ ಓಡಿಸ್ತೀನಿ. ಬೆಳಿಗ್ಗೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಒಳಗೆ ತೇವ ಅಂತ ಅರ್ಥ. ಅಮ್ಮ ಅದನ್ನ ಬಟ್ಟೇಲಿ ಒರೆಸಿ ಒಲೆ ಪಕ್ಕ, ಮೀನು ಒಣಗ್ಸೋ ಅಟ್ಟದ ಕೆಳಗೆ ಇಡ್ತಿದ್ರು, ಕಾಫಿ ಕುಡಿದು ಮುಗಿಸೋ ಅಷ್ಟರಲ್ಲಿ ಬೆಚ್ಚಗಾಗಿರ್ತಿತ್ತು. ಗ್ಲಾಸ್ ಮೇಲೆ ನೀರು ಹರಡಿ ಮಬ್ಬಾದ್ರೆ ಬೀಡಿ ಬಿಚ್ಚಿ ಹೊಗೆಸೊಪ್ಪು ಉಜ್ಜೋದು, ವೈಪರ್‌ಗಿಂತ ಎಷ್ಟೋ ವಾಸಿ.

ಬೇಸಿಗೆ ಕಷ್ಟ ಬೇರೆ. ಪುತ್ತೂರಲ್ಲಿ ನಂಟರ ಮದುವೆ ಮುಗಿಸಿ ಏಪ್ರಿಲ್ ಮಧ್ಯಾಹ್ನ ಸಂಪಾಜೆ ಘಾಟಿ ಹತ್ತೋವಾಗ ಜೋಡುಪಾಲ ಹತ್ರ ಗಾಡಿ ಎಳೀತಾ ಎಳೀತಾ ನಿಂತ್ಬಿಡ್ತು, ಒಳಗೆ ಏಳು ಜನ. ಶಾಖಕ್ಕೆ ಪೆಟ್ರೋಲು ಎಂಜಿನ್ನಿನ ಪಂಪಲ್ಲೇ ಆವಿಯಾಗಿ, ಅದನ್ನ ಗಾಳಿ ಜೊತೆ ಬೆರೆಸೋ ಕಾರ್ಬೊರೇಟರಿಗೆ ಹೋಗ್ತಿರ್ಲಿಲ್ಲ. ಅಪ್ಪ ಗಾಬರಿನೇ ಆಗ್ಲಿಲ್ಲ, ರಸ್ತೆ ಪಕ್ಕದ ತೊರೇಲಿ ಟವೆಲ್ ಅದ್ದಿ ಪಂಪಿನ ಮೇಲೆ ಸುತ್ತಿದ್ರು, ನಾವೆಲ್ಲ ಮದುವೆಮನೆ ಹೋಳಿಗೆ ತಿಂತಾ ಮೋರಿ ಮೇಲೆ ಕೂತಿದ್ವಿ. ಕಾಲು ಗಂಟೆಲಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಅಲ್ಲಿಂದ ಮಡಿಕೇರಿ ತನಕ ಸೆಕೆಂಡ್ ಗೇರಲ್ಲೇ ಬಂದ್ವಿ, ಆ ಗೇರಿನ ಸದ್ದು ಈಗ್ಲೂ ಕಿವೀಲಿದೆ.

2018ರ ಆಗಸ್ಟಲ್ಲಿ ಮಕ್ಕಂದೂರು ಮಾದಾಪುರ ಕಡೆ ಗುಡ್ಡ ಕುಸಿದಾಗ ಇದೇ ಕಾರಲ್ಲಿ ನಂಟರನ್ನ ಮೂರು ಟ್ರಿಪ್ ಕರ್ಕೊಂಡು ಬಂದೆ. ಅದ್ರ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಾಗಲ್ಲ.

ಈಗಿನ ಚಿಂತೆ ಪೆಟ್ರೋಲಿಂದು. ಈಗ ಬಂಕಲ್ಲಿ ಹಾಕೋ ಇ20 ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್, ಅದು ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ನಮ್ಮೂರಲ್ಲಿ ತೇವಕ್ಕೇನು ಬರ, ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಎಲ್ಲ ಬೇಗ ಹೋಗುತ್ತೆ. ಪೈಪೆಲ್ಲ ಹೊಸ ಥರದ್ದಕ್ಕೆ ಬದಲಾಯ್ಸಿದೀನಿ, ಒಂದು ಡಯಾಫ್ರಾಮ್ ಡಿಕ್ಕೀಲಿ ಯಾವಾಗ್ಲೂ ಇರುತ್ತೆ. 2022ರಲ್ಲಿ ಆರ್‌ಸಿ ರಿನ್ಯೂವಲ್ ಬಂದಾಗ ಫೀಸು 600ರಿಂದ 5000 ಆಗಿತ್ತು, ಮಾರಿಬಿಡು ಅಂತ ಹೇಳ್ದೋರು ತುಂಬಾ ಜನ, ಕಟ್ಟಿ ಬಂದೆ.

ತೋಟದಲ್ಲಿ ಮಳೆ ಅಳೆದು ಇಂಚಲ್ಲಿ ಬರೆಯೋ ಪುಸ್ತಕ ಎಲ್ಲ ಬೆಳೆಗಾರರ ಮನೇಲೂ ಇರುತ್ತೆ. ಅಪ್ಪ ಅದರ ಅಂಚಲ್ಲೇ ಕಾರಿನ ಲೆಕ್ಕಾನೂ ಬರೀತಿದ್ರು, "ಮಳೆ 4.20, ಪಾಯಿಂಟ್ ಬದಲಾಯಿಸಿದೆ" ಅಂತ. ಪಾಯಿಂಟ್ ಅಂದ್ರೆ ಡಿಸ್ಟ್ರಿಬ್ಯೂಟರ್ ಒಳಗಿರೋ, ಕಿಡಿಗೆ ಬೇಕಾದ ಸಣ್ಣ ಸ್ವಿಚ್ಚು. ಅವರು ಹೋಗಿ ಒಂಬತ್ತು ವರ್ಷ ಆಯ್ತು. ನಿನ್ನೆ ನಾನು ಬರೆದಿದ್ದು: ಮಳೆ 2.75, ಡೋರಿನ ತೂತು ಬಿಡಿಸಿದೆ, ಹಿಂದಿನ ಎಡಗಡೆದು ಸ್ವಲ್ಪ ತುಕ್ಕು.