ಎರಡು ತಲೆಯ ಬೂತದ ಹೆಜ್ಜೆ ಹಿಡಿದು

‘ಎರಡು ತಲೆ, ಮನುಷ್ಯನ ಪಾದ, ಮೈಯೆಲ್ಲ ಕಪ್ಪು. ನೀವು ಮಿಲ್ಟ್ರಿಯವರು, ಕೋವಿ ಇದೆ. ಹೊಡೆದುಬಿಡಿ ತಾತ’ ಅಂತ ಊರಿನ ಹುಡುಗರು ಬಂದು ನಿಂತರು. ನಮ್ಮದು ಮಧುಗಿರಿ ತಾಲ್ಲೂಕಿನ ಬೆಟ್ಟದ ಬುಡದ ಊರು. ಈ ಬೂತದ ಕತೆಯನ್ನು ನಮ್ಮಜ್ಜಿಯೂ ಹೇಳುತ್ತಿದ್ದಳು.

ಕೋವಿ ಮುಟ್ಟಲಿಲ್ಲ. ಏನು ಅಂತ ಗೊತ್ತಾಗದೆ ಗುರಿ ಇಡಬಾರದು. ನಾನು ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವನು. 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ಬಸಂತರ್ ನದಿ ಹತ್ತಿರ ಟ್ಯಾಂಕುಗಳಿಗೆ ದಾರಿ ಬಿಡಿಸಲು ನೆಲದಲ್ಲಿ ಹೂತಿಟ್ಟ ಮೈನ್ (ನೆಲಬಾಂಬ್) ತೆಗೆದಿದ್ದೇವೆ. ಮಣ್ಣು ಎಲ್ಲಿ ಕದಲಿದೆ, ಹುಲ್ಲು ಎಲ್ಲಿ ಬಾಡಿದೆ ಅಂತ ನೋಡಿಯೇ ಕಾಲಿಡಬೇಕಿತ್ತು. ಈಗ ಮಂಡಿ ಮಾತು ಕೇಳಲ್ಲ. ನೆಲ ಓದುವ ಕಣ್ಣು ಮಾತ್ರ ಹಾಗೇ ಇದೆ.

ಕೆರೆಗೆ ಇಳಿಯುವ ಕಾಲುದಾರಿಯಲ್ಲಿ ಸಂಜೆ ಹೊತ್ತು ನುಣ್ಣನೆ ಮಣ್ಣು ಜರಡಿ ಹಿಡಿದು ಹರಡುತ್ತಿದ್ದೆ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗಲೇ ಹೋಗಿ ನೋಡಬೇಕು. ಆಗ ಗುರುತಿನ ಅಂಚಿಗೆ ನೆರಳು ನಿಲ್ಲುತ್ತೆ. ಹಿಂಗಾಲಿನ ಗುರುತು ಯಾರೋ ಬರಿಗಾಲಲ್ಲಿ ನಡೆದ ಹಾಗೇ ಇತ್ತು, ಹಿಮ್ಮಡಿ ಸಮೇತ. ಊರವರು ಸುಮ್ನೆ ಹೆದರಿರಲಿಲ್ಲ. ಆದರೆ ಐದು ಬೆರಳೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿದ್ದವು. ಮುಂಗಾಲಿನ ಗುರುತು ಅಗಲ, ಗಿಡ್ಡ. ಬೆರಳಿಂದ ದೂರಕ್ಕೆ ಉಗುರು ಚುಚ್ಚಿದ ತೂತುಗಳು. ಪಕ್ಕದಲ್ಲೇ ಹುತ್ತ ಬಗೆದು ಹಾಕಿತ್ತು. ಹಿಕ್ಕೆಯಲ್ಲಿ ಗೆದ್ದಲಿನ ಚೂರು, ಎಲಚಿ ಬೀಜ. ಕರಡಿ!

ಎರಡನೇ ತಲೆ ಒಂದು ಮುಂಜಾನೆ ಬಂಡೆ ಮೇಲಿಂದ ದುರ್ಬೀನಿಗೆ ಸಿಕ್ಕಿತು. ತಾಯಿ ಕರಡಿ ನಡೆಯುತ್ತಿತ್ತು. ಅದರ ಬೆನ್ನಿನ ಉದ್ದ ಕೂದಲು ಹಿಡಿದು ಮರಿ ಕೂತಿತ್ತು. ಕತ್ತಲಲ್ಲಿ ನೋಡಿದವರಿಗೆ ಎರಡು ತಲೆಯಲ್ಲದೆ ಇನ್ನೇನು ಕಾಣುತ್ತೆ?

‘ಕರಡಿಯಾದ್ರೂ ಹೊಡೀಬೇಕು ಅಲ್ವಾ?’ ಅಂದ ಒಬ್ಬ ಹುಡುಗ. ಇಲ್ಲಪ್ಪ, 1972ರ ವನ್ಯಜೀವಿ ಕಾಯ್ದೆ ಇದೆ, ಹೊಡೆದವನು ಜೈಲಿಗೆ ಹೋಗುತ್ತಾನೆ ಅಂದೆ. ಕಾಯ್ದೆ ಇರಲಿ ಬಿಡಿ, ಮರಿ ಹೊತ್ತ ತಾಯಿಗೆ ಗುಂಡು ಹಾರಿಸುವುದು ನನ್ನ ಕೈಯಲ್ಲಿ ಆಗದ ಕೆಲಸ.

ಹಾಗಂತ ಕರಡಿ ಸಾಧು ಪ್ರಾಣಿಯೂ ಅಲ್ಲ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ಗೆದ್ದಲು ಹೀರುವುದರಲ್ಲಿ ಮುಳುಗಿರುತ್ತೆ, ನಾವು ಹತ್ತಿರ ಹೋಗಿಬಿಟ್ಟರೆ ಗಾಬರಿಯಲ್ಲಿ ಮುಖಕ್ಕೇ ಪಂಜ ಹಾಕುತ್ತೆ. ಅದಕ್ಕೇ ಹುಣಸೆ ತೋಪಿಗೆ ಹೋಗುವ ಹೆಂಗಸರಿಗೆ ಚೆನ್ನಾಗಿ ಬೆಳಕಾದ ಮೇಲೆ, ಗುಂಪಾಗಿ, ಜೋರಾಗಿ ಮಾತಾಡಿಕೊಂಡು ಹೋಗಿ ಅಂದಿದ್ದೇನೆ. ಹೊಸದಾಗಿ ಬಗೆದ ಹುತ್ತ ಕಂಡರೆ ಅಲ್ಲಿಂದಲೇ ವಾಪಸ್ ಬರಬೇಕು.