ಎಮ್ಮಿ ಹಾಲಿನ ಎಕ್ಸೋಸೋಮು, ಸಕ್ಕರಿ ಫ್ಯಾಕ್ಟರಿ ಬ್ರಿಕ್ಸ್ ಮೀಟರು: ನಮ್ಮ ಇಮೇಜಿಂಗ್ ಪ್ರೋಬ್ ಕಡೀಕ ಹೆಂಗ ಕೆಲಸ ಮಾಡ್ತು (ನನ್ನ ಅನುಭವ)

ಎಕ್ಸೋಸೋಮ್ ಅಂದ್ರ ಸೆಲ್ ಹೊರಗ ಬಿಡೂ ನ್ಯಾನೋ ಸೈಜಿನ ಪೊರಿ ಚೀಲ. ಹಾಲಿನ್ಯಾಗಿನ ಆ ಚೀಲಕ್ಕ ಹೊಳಿಯೂ ಡೈ ಮತ್ತ ಫೋಲೇಟ್ (ಫೋಲಿಕ್ ಆಸಿಡ್ ವಿಟಮಿನ್) ಹಚ್ಚಿ, ಫೋಲೇಟ್ ರಿಸೆಪ್ಟರ್ ಹೆಚ್ಚಿದ್ದ ಕ್ಯಾನ್ಸರ್ ಸೆಲ್ ಹುಡುಕೂದ ನಮ್ಮ ಪ್ರೋಬ್. ಹೋದ ತಿಂಗಳು ಮೂರನೇ ಬ್ಯಾಚಿಂದೂ ಕನ್ಫೋಕಲ್ (ಲೇಸರ್ ಮೈಕ್ರೋಸ್ಕೋಪ್) ಇಮೇಜ್ ಮೊದಲಿನ ಎರಡರಂಗ ಬಂತ್ರಿ. ಆ ರಿಸೆಪ್ಟರ್ ರಗಡ ಇರೂ ಹೀಲಾ ಕ್ಯಾನ್ಸರ್ ಸೆಲ್ ಹೊಳ್ಯಾಕತ್ತಿದ್ವು, ಅದು ಭಾಳ ಕಮ್ಮಿ ಇರೂ ಎ549 ಕ್ಯಾನ್ಸರ್ ಸೆಲ್ ಕತ್ತಲಿ, ಫ್ರೀ ಫೋಲಿಕ್ ಆಸಿಡ್ ಹಾಕಿ ರಿಸೆಪ್ಟರ್ ತುಂಬಿಸಿಟ್ಟ ಹೀಲಾನೂ ಕತ್ತಲಿ. ಒಂದು ಸಲ ಬಂದ್ರ ನಸೀಬು ಅಂತಾರ, ಎರಡು ಸಲ ಬಂದ್ರ ಗೇನ್ (ಸಿಗ್ನಲ್ ಹಿಗ್ಗಿಸೂ ಸೆಟ್ಟಿಂಗ್) ಏನೋ ಏರಿಸ್ಯಾನ ಅಂತಾರ. ಇದು ಮೂರು ಬ್ಯಾಚು, ಮೂರು ಬ್ಯಾರೆ ಎಮ್ಮಿ ಹಾಲು, ಲೇಸರ್ ಪವರ್ ಒಂದ, ಗೇನ್ ಒಂದ. ಅದಕ್ಕ ಈಗ ಧೈರ್ಯಾ ಮಾಡಿ ಬರ್ಯಾಕತ್ತೀನಿ, ಎರಡು ವರ್ಷ "ಬೆಳಗಾವ್ಯಾಗ ಕೂತು ಎಮ್ಮಿ ಹಾಲಿಂದ ಕ್ಯಾನ್ಸರ್ ಇಮೇಜಿಂಗ್ ಮಾಡ್ತಾರಂತ" ಅಂತ ಕೇಳಿ ಕೇಳಿ ಸಾಕಾಗೇತಿ.

ಶುರು ಮಾಡಿದ್ದು ಹಾಲಿಂದ ಅಲ್ಲ. ಎಲ್ಲಾರಂಗ ನಾವೂ ಎಂಸಿಎಫ್-7 ಅನ್ನೂ ಸ್ತನ ಕ್ಯಾನ್ಸರ್ ಸೆಲ್ ಬೆಳೆದ ದ್ರವದಿಂದ (ಕಂಡೀಷನ್ಡ್ ಮೀಡಿಯಾ) ಶುರು ಮಾಡಿದ್ವಿ. ಇನ್ನೂರು ಎಂಎಲ್ ಮೀಡಿಯಾ ಸೆಂಟ್ರಿಫ್ಯೂಜ್‌ದಾಗ ತಿರುಗಿಸಿದ್ರ ತಳದಾಗ ಕಾಣ್ತೈತೋ ಇಲ್ಲೋ ಅನ್ನೂವಂಥಾ ಪೆಲ್ಲೆಟ್, ಬಿಸಿಎ (ಪ್ರೋಟೀನ್ ಅಳತಿ) ಮಾಡಿದ್ರ ಹದಿನೈದು-ಇಪ್ಪತ್ತು ಮೈಕ್ರೋಗ್ರಾಮ್. ಅದರಾಗ ನಮ್ದು ಎಷ್ಟು, ಸೆಲ್ ಬೆಳಸಾಕ ಹಾಕೂ ಎಫ್‌ಬಿಎಸ್ (ಹುಟ್ಟದ ಆಕಳ ಕರದ ಸೀರಮ್) ಒಳಗಿಂದು ಎಷ್ಟು ಅಂತ ಆ ದೇವರಿಗೇ ಗೊತ್ತು. ಎಫ್‌ಬಿಎಸ್ ರಾತ್ರಿ ಪೂರ್ತಿ 100,000 ಜಿ (ಗುರುತ್ವದ ಲಕ್ಷ ಪಟ್ಟು) ಒಳಗ ತಿರುಗಿಸಿ ಅದರ ಎಕ್ಸೋಸೋಮ್ ಖಾಲಿ ಮಾಡಿ ನೋಡಿದ್ವಿ, ಸೀರಮ್-ಫ್ರೀ ಒಳಗ ಇಟ್ಟು ನೋಡಿದ್ವಿ, ಸೆಲ್ ಸಾಯಾಕ ಹತ್ತಿದ್ವು, ಸತ್ತ ಸೆಲ್ಲಿನ ಚೂರೂ ಎಕ್ಸೋಸೋಮ್ ಅಂತ ಎಣಿಕಿಗೆ ಬಂತು. ಎಫ್‌ಬಿಎಸ್ ಒಂದು ಬಾಟ್ಲಿಗೆ ನಲವತ್ತು ಸಾವಿರದ ಮ್ಯಾಲ ಹೋತು, ಅಂಥಾವು ನಾಕು ಬಾಟ್ಲಿ ಆ ವರ್ಷ ಖರ್ಚಾದ್ವು.

ಆದ್ರ ರೊಕ್ಕಕ್ಕಿಂತ ಹೆಚ್ಚು ಕೆಟ್ಟದ್ದು ಡೈ ಕಥಿ. ಪಿಕೆಎಚ್26 ಅನ್ನೂ, ಪೊರಿಗೆ ಅಂಟಿ ಹೊಳಿಯೂ ಡೈ ಹಚ್ಚಿದ್ವಿ, ಸೆಲ್ ಎಲ್ಲಾ ಝಗಮಗ ಅಂತ ಹೊಳೀತು, ನಾವು ಪೋಸ್ಟರ್ ಮಾಡ್ಕೊಂಡು ಒಂದು ಮೀಟಿಂಗಿಗೆ ಹೋದ್ವಿ. ಅಲ್ಲಿ ಒಬ್ರು ಹಿರೇರು ಪೋಸ್ಟರ್ ಮುಂದ ನಿಂತು ಒಂದ ಮಾತು ಕೇಳಿದ್ರು: "ಎಕ್ಸೋಸೋಮ್ ಇಲ್ದ, ಬರೇ ಪಿಬಿಎಸ್‌ಗೆ (ಉಪ್ಪಿನ ಬಫರ್ ನೀರು) ಡೈ ಹಾಕಿ, ಇದ ವಾಶ್ ಮಾಡಿ, ಸೆಲ್ಲಿಗೆ ಕೊಟ್ಟು ನೋಡಿರೇನು?" ಇಲ್ಲ ಅಂದೆ. ವಾಪಸ್ ಬಂದು ಮಾಡಿ ನೋಡಿದ್ರ ಸೆಲ್ ಅಷ್ಟ ಹೊಳೀತು. ಪಿಕೆಎಚ್ ತಾನ ಗುಂಪು ಕಟ್ಟಿ ಎಕ್ಸೋಸೋಮ್ ಸೈಜಿನ ಕಣ ಆಗ್ತೈತಿ, ಸೆಲ್ ಅದನ್ನ ಆರಾಮ ನುಂಗ್ತೈತಿ, ಕಣ ಎಣಿಸೂ ಎನ್‌ಟಿಎ ಮಷೀನೂ ಅದನ್ನ ಎಣಿಸ್ತೈತಿ. ಎಂಟು ತಿಂಗಳ ಕೆಲಸ ನೀರಾಗ ಹೋತು. ಆ ರಾತ್ರಿ ಊಟ ಸುದ್ದ ಸೇರಲಿಲ್ಲ ನನಗ.

ಅವತ್ತಿಂದ ನಮ್ಮ ಲ್ಯಾಬಿನ್ಯಾಗ ಒಂದು ರೂಲ್ ಐತಿ, ಪ್ರತಿ ರನ್ನಿಗೂ ಒಂದು ಟ್ಯೂಬ್ ಬರೇ ಡೈದ್ದು. ಹುಡುಗ್ರು ಅದಕ್ಕ "ಸುಳ್ಳಿನ ಟ್ಯೂಬ್" ಅಂತ ಹೆಸರಿಟ್ಟಾರ.

ಹಾಲಿಗೆ ಬಂದಿದ್ದು ಹಂಗ. ಹೆಂಗೂ ದನದ್ದ ಬರ್ತೈತಿ ಅಂದ್ರ ಲೀಟರ್‌ಗಟ್ಲೆ ಸಿಗೂದ ತಗೋಬಾರದ್ಯಾಕ? ನಗಾವ್ರಿಗೆ ನಾ ಒಂದ ಹೇಳ್ತೀನಿ, 1983ರಾಗ ಮಾಂಟ್ರಿಯಲ್‌ದಾಗ ರೋಸ್ ಜಾನ್‌ಸ್ಟನ್ ಅವ್ರು ಈ ಕಣಗಳನ್ನ ನೋಡಿದ್ದು ಕುರಿಯ ಎಳೀ ರಕ್ತಕಣದಾಗ, ಎಕ್ಸೋಸೋಮ್ ಅಂತ ಹೆಸರು ಕೊಟ್ಟಿದ್ದು 1987ರಾಗ. ಕುರಿಯಿಂದ ಶುರುವಾದ ವಿದ್ಯಾ ಎಮ್ಮಿಗೆ ಬಂದ್ರ ಏನು ತಪ್ಪು?

ನಮ್ಮ ಮನಿ ಹಿಂದಿನ ಗವಳಿ ಕಾಕಾ ನಸಿಕ್ಲೆ ಐದಕ್ಕ ಹಾಲು ಕೊಡ್ತಾರ. ಮೊದಲ ಹೇಳ್ಬೇಕಾತು, "ಕಾಕಾ, ಒಂದ ಎಮ್ಮಿದು ಬೇಕ್ರಿ, ಕೂಡಿಸಬ್ಯಾಡ್ರಿ, ನೀರು ಹನಿ ಸುದ್ದ ಬ್ಯಾಡ". ಕಾಕಾ ಸಿಟ್ಟಾದ್ರು, ನಾನು ಯಾವಾಗ ನೀರು ಹಾಕೀನಪಾ ಅಂತ. ಎಮ್ಮಿ ಹಾಲಿನ್ಯಾಗ ಕೊಬ್ಬು ಏಳೆಂಟು ಪರ್ಸೆಂಟು, 3,000 ಜಿ ಒಳಗ ಎರಡು ಸಲ ತಿರುಗಿಸಿ ಕೆನಿ ತಗೀಲಿಕ್ಕ ಬೇಕು. ಕೆನಿ ಕೆಳಗಿಂದ ಸಿರಿಂಜ್ ಹಾಕಿ ಎಳೀರಿ, ಮ್ಯಾಲಿಂದ ಬಗ್ಗಿಸಿದ್ರ ಕೆಟ್ಟಂಗ.

ಆಮ್ಯಾಲ ಹಾಲಿನ ಪ್ರೋಟೀನ್ ಕೇಸೀನ್. ಇಲ್ಲಿ ನಾವು ಮತ್ತ ಆರು ತಿಂಗಳು ಕಳಕೊಂಡ್ವಿ. ಕೇಸೀನ್ ಮಿಸೆಲ್ಲೂ (ಅಣು ಗುಂಪು ಕಟ್ಟಿದ ಸಣ್ಣ ಉಂಡಿ) ಐವತ್ತರಿಂದ ಮುಂದಿನ ನ್ಯಾನೋಮೀಟರ್ ಸೈಜಿಂದ, ಎಕ್ಸೋಸೋಮ್ ಮೂವತ್ತರಿಂದ ನೂರೈವತ್ತು, ಹಿಂಗಾಗಿ ಬೆಳಕಿಂದ ಕಣದ ಸೈಜ್ ಅಳಿಯೂ ಡಿಎಲ್‌ಎಸ್ ಒಳಗ ಎರಡೂ ಒಂದ ಗುಡ್ಡ. ನಮಗ ಭಾಳ ಖುಷಿ, ಇಷ್ಟು ಈಲ್ಡ್ ಯಾರಿಗೂ ಬಂದಿಲ್ಲ ಅಂತ. ಪ್ರೋಟೀನಿಗೆ ಕಣ ಎಷ್ಟು ಅಂತ ಲೆಕ್ಕಾ ಹಾಕಿದಾಗ ಬಣ್ಣ ಬಯಲಾತು, ಒಂದು ಮೈಕ್ರೋಗ್ರಾಮಿಗೆ 3×10¹⁰ ಕಣ ಇದ್ರ ಶುದ್ಧ ಅಂತಾರ, ನಮ್ದು 10⁸ರ ಆಸುಪಾಸು. ಅಂದ್ರ ನಾವು ತೆಗೆದಿದ್ದು ಪನೀರ್. ಪಿಎಚ್ 4.6ಕ್ಕ ಇಳಿಸಿ ಒಡೆದು ನೋಡಿದ್ವಿ, ಮೊಸರಿನ್ಯಾಗ ಎಕ್ಸೋಸೋಮೂ ಸಿಕ್ಕಾಕೊಂಡು ಹೋದ್ವು. ಕಡೀಕ ಕ್ಯಾಲ್ಸಿಯಮ್ ಹಿಡಿಯೂ ಕೆಮಿಕಲ್ ಇಡಿಟಿಎನ ಕೈ ಹಿಡೀತು. ಇಡಿಟಿಎ ಹಾಕಿ ಐಸ್ ಮ್ಯಾಲ ಮೆಲ್ಲಕ ಅಲ್ಲಾಡಿಸಿದ್ರ ಬೆಳ್ಳಗಿನ ಹಾಲು ಕಣ್ಣ ಮುಂದ ಅಕ್ಕಿ ತೊಳೆದ ನೀರಿನಂಗ ಆಗಿ, ಇನ್ನಷ್ಟು ಹೊತ್ತಿಗೆ ತಿಳಿ ಹಳದಿ-ಹಸರು ಆಗ್ತೈತಿ, ಟ್ಯೂಬ್ ಹಿಂದ ಇಟ್ಟ ಪೇಪರಿನ ಅಕ್ಷರ ಓದಬಹುದು. ಕ್ಯಾಲ್ಸಿಯಮ್ ಹೋದ್ರ ಮಿಸೆಲ್ ಬಿಚ್ಚಿಕೊಳ್ತೈತಿ, ಎಕ್ಸೋಸೋಮಿಗೆ ಏನೂ ಆಗಂಗಿಲ್ಲ. ಎಷ್ಟು ಮಿಲಿಮೋಲಾರ್, ಎಷ್ಟು ಹೊತ್ತು ಅಂತ ಕೇಳಬ್ಯಾಡ್ರಿ, ಎಮ್ಮಿ ಹಾಲಿಗೆ ಅದು ಆಕಳ ಹಾಲಿನಂಗ ಇಲ್ಲ, ಅದನ್ನ ಕಂಡುಹಿಡ್ಯಾಕ ನಮಗ ಒಂದು ಬ್ಯಾಸಿಗಿ ಪೂರ್ತಿ ಹೋಗೇತಿ.

ಈಗ ಬ್ರಿಕ್ಸ್ ಮೀಟರ್ (ರಸದಾಗ ಸಕ್ಕರಿ ಎಷ್ಟು ಪರ್ಸೆಂಟ್ ಅಂತ ಅಳಿಯೂದು) ಮಾತು. ಪಿಕೆಎಚ್ ಬಿಟ್ಟು ಡಿಐಡಿ ಅನ್ನೂ ನೀಲಿ ಡೈಗೆ ಬಂದಿದ್ವಿ, ಆದ್ರ ಅದೂ ಲಿಪಿಡ್ ಡೈನ, ಗುಂಪು ಕಟ್ಟೂ ಗುಣ ಅದಕ್ಕೂ ಐತಿ. ಫೋಲೇಟ್ ಹಚ್ಚಾಕ ಡಿಎಸ್‌ಪಿಇ-ಪಿಇಜಿ-ಫೋಲೇಟ್ (ತುದಿಗೆ ಫೋಲೇಟ್ ಇರೂ ಲಿಪಿಡ್) ಹಾಕ್ತೀವಿ, ಅದೂ ತನ್ನ ಮಿಸೆಲ್ ಮಾಡ್ಕೊಂಡು ಕೂಡ್ತೈತಿ. ಸೈಜ್ ನೋಡಿ ಬ್ಯಾರೆ ಮಾಡೂ ಸೆಫರೋಸ್ ಸಿಎಲ್-2ಬಿ ಕಾಲಮ್ ಹಾಕಿದ್ವಿ, ಸುಳ್ಳಿನ ಟ್ಯೂಬಿನ ಡೈನೂ ಎಕ್ಸೋಸೋಮ್ ಬರೂ ಅದ ಫ್ರಾಕ್ಷನ್ನಿನ್ಯಾಗ (ಪಾಲು) ಬಂತು, ದೊಡ್ಡ ಗುಂಪು ವಾಯ್ಡ್ (ಮೊದಲ ಇಳಿಯೂ ಪಾಲು) ಒಳಗ ಓಡಿ ಬರ್ತಾವು. ಸೈಜಿಂದ ಬ್ಯಾರೆ ಆಗದಿದ್ರ ಸಾಂದ್ರತೆಯಿಂದ ಮಾಡ್ಬೇಕು, ಸುಕ್ರೋಸ್ ಗ್ರೇಡಿಯಂಟ್ (ತಳಕ್ಕ ಹೋದಂಗ ಗಟ್ಟಿ ಆಗೂ ಸಕ್ಕರಿ ನೀರು) ಒಳಗ ಎಕ್ಸೋಸೋಮ್ ಎಂಎಲ್‌ಗೆ 1.13ರಿಂದ 1.19 ಗ್ರಾಮಿನ ನಡುವ ನಿಲ್ತಾವು, ಇದು ಎಲ್ಲಾರಿಗೂ ಗೊತ್ತಿರೂದ. ಆದ್ರ ಹನ್ನೆರಡು ಫ್ರಾಕ್ಷನ್ ತಗೊಂಡು ಪ್ರತಿಯೊಂದರದ್ದೂ ಸಾಂದ್ರತೆ ತೂಕ ಮಾಡಿ ನೋಡೂದ್ರಾಗ ಸ್ಯಾಂಪಲ್ ಮುಗದ ಹೋಗ್ತಿತ್ತು.

ನನ್ನ ಗೆಳೆಯಾ ಒಬ್ಬ ಸಕ್ಕರಿ ಫ್ಯಾಕ್ಟರಿ ಲ್ಯಾಬಿನ್ಯಾಗ ಕೆಮಿಸ್ಟ್. ಕಬ್ಬಿನ ರಸಕ್ಕ ಅವ್ರು ಕೈಯಾಗಿನ ರಿಫ್ರ್ಯಾಕ್ಟೋಮೀಟರ್ ಹಿಡಿತಾರಲ್ರಿ, ಅದರದ್ದ ದೊಡ್ಡ ರೇಂಜಿಂದು ಒಂದು ಅವನ ಹತ್ರ ಇತ್ತು. ಎರಡು ಹನಿ ಗಾಜಿನ ಮ್ಯಾಲ, ಮುಚ್ಚಳಾ ಮುಚ್ಚಿ ಕಿಡಕಿ ಕಡೆ ಹಿಡಿದ್ರ ನೀಲಿ-ಬಿಳಿ ಗೆರಿ ಎಲ್ಲಿ ಕೂಡ್ತೈತೋ ಅದ ಬ್ರಿಕ್ಸ್. 31 ಬ್ರಿಕ್ಸ್ ಅಂದ್ರ 1.13, 42 ದಾಟಿದ್ರ 1.19. ಒಂದು ಟ್ಯೂಬಿಗೆ ಐದು ನಿಮಿಷ ಸಾಕು. ಡೈ, ಫೋಲೇಟ್ ಎರಡೂ ಗ್ರೇಡಿಯಂಟಿಗೆ ಹಾಕೂ *ಮೊದಲ* ಹಚ್ಚಬೇಕು, ಆವಾಗ ಎರಡರ ಕಸಾನೂ ಒಂದ ಸಲ ಹೋಗ್ತೈತಿ. ಡೈ ಎಷ್ಟು, ಎಷ್ಟು ಡಿಗ್ರಿ ಬಿಸಿ ಅನ್ನೂದು ಸದ್ಯ ನಮ್ಮತ್ರ ಇರ್ಲಿ.

ಮೊದಲ್ನೇ ಸಲ ಆ ಟ್ಯೂಬ್ ರೋಟರಿನಿಂದ ತಗದಾಗ ಕಂಡದ್ದು ಈಗೂ ಕಣ್ಣಾಗ ಐತಿ. ಸುಳ್ಳಿನ ಟ್ಯೂಬಿನ್ಯಾಗ ನೀಲಿ ಎಲ್ಲಾ ಮ್ಯಾಲ, ಕುತ್ತಿಗಿ ಹತ್ರ. ಎಕ್ಸೋಸೋಮ್ ಟ್ಯೂಬಿನ್ಯಾಗ ಮ್ಯಾಲ ಒಂದಿಷ್ಟು ನೀಲಿ, ಮತ್ತ ನಡುವ, ಬ್ರಿಕ್ಸ್ 34-37ರ ಹತ್ರ, ಎಳಿ ದಾರದಂಗ ಒಂದು ನೀಲಿ ಪಟ್ಟಿ, ತಳದಾಗ ಉಳಿದ ಕೇಸೀನ್. ವೆಸ್ಟರ್ನ್ (ಪ್ರೋಟೀನ್ ಗುರುತಿಸೂ ಟೆಸ್ಟ್) ಒಳಗ ಆ ಪಟ್ಟಿಗೆ ಎಕ್ಸೋಸೋಮಿನ ಗುರುತು ಟಿಎಸ್‌ಜಿ101 ಬಂತು, ಸೆಲ್ ಚೂರಿನ ಗುರುತು ಕ್ಯಾಲ್ನೆಕ್ಸಿನ್ ಬರಲಿಲ್ಲ. ಮನಷಾರ ಸಿಡಿ63 (ಇನ್ನೊಂದು ಎಕ್ಸೋಸೋಮ್ ಗುರುತು) ಆಂಟಿಬಾಡಿ ಎಮ್ಮಿದನ್ನ ಹಿಡೀಲಿಲ್ಲ, ಅದರ ಮ್ಯಾಲ ರೊಕ್ಕಾ ಹಾಕಬ್ಯಾಡ್ರಿ, ನಾವು ಮೂವತ್ತು ಸಾವಿರ ಹಾಕಿ ಕೂತೀವಿ.

ನಮ್ಮಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲ, ಬ್ಯಾರೆ ಊರಿಗೆ ಐಸ್ ಬಾಕ್ಸ್ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನ್ಯಾಗ ಹೋಗ್ಬೇಕು, ರಾತ್ರಿ ರನ್ನಿಗೆ ಮೂರು ಸಾವಿರದ ಸುತ್ತಮುತ್ತ. ಒಂದು ಸಲ ನಡುರಾತ್ರಿ ಕರೆಂಟ್ ಹೋಗಿ, ಬಂದಾಗ ಯಾರೋ ಬ್ರೇಕ್ ಆನ್ ಇಟ್ಟು ಹೊಳ್ಳಿ ಚಾಲೂ ಮಾಡ್ಯಾರ, ಗ್ರೇಡಿಯಂಟ್ ಎಲ್ಲಾ ಕಲಸಿ ಲಸ್ಸಿ ಆಗಿತ್ತು. ಆ ಮ್ಯಾಲ ನಾನ ಮಷೀನ್ ಹತ್ರ ಚಾದರ ಹಾಸಿ ಮಲಗ್ತೀನಿ.

ನಡುವ ಒಂದು ಹುಚ್ಚು: ವಿಜಯಪುರದ ದ್ರಾಕ್ಷಿ. ತಿಕೋಟಾದಿಂದ ಹತ್ತು ಕೆಜಿ ತಂದು ರಸಾ ಹಿಂಡಿ ಅದರಾಗಿನ ಎಕ್ಸೋಸೋಮ್‌ದಂಥಾ ಕಣ ತಗದ್ವಿ. ಪೆಕ್ಟಿನ್ನಿನಿಂದ ಪೆಲ್ಲೆಟ್ ಜೆಲ್ಲಿ ಆಗಿ ಪಿಪೆಟ್ಟಿಗೆ ಏರವಲ್ದು, ಎಂಜೈಮ್ ಹಾಕಿದ ಮ್ಯಾಲ ಒಂದೀಟು ಸರಿ ಆತು. ಡೈ ಛಲೋ ಹಿಡೀತು, ಕಣಾನೂ ರಗಡ, ಆದ್ರ ಫೋಲೇಟ್ ಅದರ ಮ್ಯಾಲ ನಿಲ್ಲಲಿಲ್ಲ. ಯಾಕಂತ ಇನ್ನೂ ತಿಳೀಲಿಲ್ಲ, ಆದ್ರ ನಾನು ಅದನ್ನ ಬಿಟ್ಟಿಲ್ಲ, ಮುಂದಿನ ಸೀಸನ್ನಿಗೆ ಮತ್ತ ತರಾವ.

ಸೆಲ್ ಕೆಲಸದಾಗ ಒಂದ ಮಾತು ನೆನಪಿಡ್ರಿ. ಸೆಲ್ ಬೆಳಸೂ ಸಾದಾ ಆರ್‌ಪಿಎಂಐ ಮೀಡಿಯಾ ಒಳಗ ಲೀಟರಿಗೆ 1 ಮಿಲಿಗ್ರಾಮ್ ಫೋಲಿಕ್ ಆಸಿಡ್ ಇರ್ತೈತಿ, ಡಿಎಂಇಎಂ ಅನ್ನೂ ಮೀಡಿಯಾ ಒಳಗ 4. ರಿಸೆಪ್ಟರ್ ಅದರಾಗ ತುಂಬಿ ಹೋಗಿರ್ತೈತಿ, ನಿಮ್ಮ ಪ್ರೋಬಿಗೆ ಜಾಗಾ ಎಲ್ಲಿಂದ ಬರಬೇಕು? ಫೋಲೇಟ್-ಫ್ರೀ ಒಳಗ ಎರಡು-ಮೂರು ಪ್ಯಾಸೇಜ್ (ಹೊಸ ಡಿಶ್ಶಿಗೆ ದಾಟಿಸೂದು) ಬೆಳಸ್ರಿ. ನಾವು ಇದೊಂದು ಬದಲ ಮಾಡಿದ್ದಕ್ಕ ಹೀಲಾದ ಸಿಗ್ನಲ್ ನಾಕೈದು ಪಟ್ಟು ಏರಿತು.

ಇಲಿ ಕೆಲಸ ಸಣ್ಣದು, ಎಥಿಕ್ಸ್ ಪರ್ಮಿಷನ್ ತಗೊಂಡು ಹೊರಗ ಮಾಡಿಸಿದ್ದು, ಗುಂಪಿಗೆ ಮೂರ ಇಲಿ. ಮೊದಲ್ನೇ ಸಲ ಡಿಐಡಿಲೇ ಮಾಡಿ ಹೊಟ್ಟಿ ಎಲ್ಲಾ ಹೊಳೀತು, ಅದು ಪ್ರೋಬ್ ಅಲ್ಲ, ಆಹಾರದಾಗಿನ ಹಸರು ಸೊಪ್ಪಿನ ಕ್ಲೋರೋಫಿಲ್. ಆಹಾರ ಬದಲ ಮಾಡಿ, ಡೈನೂ ಇನ್ಫ್ರಾರೆಡ್ ಕಡೆ ಹೊಳಿಯೂ ಡಿಐಆರ್‌ಗೆ ಬದಲ ಮಾಡಿದ್ವಿ. ಲಿವರು, ಸ್ಪ್ಲೀನು ಹೊಳೀತಾವು, ಅದನ್ನ ಮುಚ್ಚಿಡಾಕ ಬರಂಗಿಲ್ಲ, ಎಕ್ಸೋಸೋಮಿನ ಹೆಚ್ಚಿನ ಪಾಲು ಅಲ್ಲೇ ಹೋಗೂದು. ಆದ್ರ 24 ತಾಸಿಗೆ ಟ್ಯೂಮರ್ ಹೊಳಪು ಬಾಜೂದ ಸ್ನಾಯುಕ್ಕಿಂತ ಹತ್ರಹತ್ರ ಮೂರು ಪಟ್ಟು ಇತ್ತು, ಫ್ರೀ ಫೋಲೇಟ್ ಕೊಟ್ಟ ಇಲಿಯಾಗ ಅರ್ಧಕ್ಕ ಇಳೀತು, ಸುಳ್ಳಿನ ಟ್ಯೂಬಿನ 31-42 ಬ್ರಿಕ್ಸ್ ಫ್ರಾಕ್ಷನ್ ಕೊಟ್ಟ ಇಲಿಯಾಗ ಟ್ಯೂಮರ್ ಎಲ್ಲೈತಿ ಅಂತ ಹುಡುಕಬೇಕಿತ್ತು.

ಹಾಲಿನ ಖರ್ಚು ಒಂದು ಬ್ಯಾಚಿಗೆ ಎಂಬತ್ತು ರೂಪಾಯಿ ಸುಮಾರು. ಈಗ ಮಳಿಗಾಲದ ಬ್ಯಾಚ್ ನಡದೈತಿ, ಎಮ್ಮಿ ಹಸಿ ಮೇವು ತಿನ್ನಾಕತ್ತ ಮ್ಯಾಲ ನೀಲಿ ಪಟ್ಟಿ ಎರಡು ಬ್ರಿಕ್ಸ್‌ನಷ್ಟು ಸರದಂಗ ಕಾಣಾಕತ್ತೈತಿ, ಗೆಳೆಯಾ ಕ್ರಶಿಂಗ್ ಶುರು ಆಗೂದ್ರಾಗ ಮೀಟರ್ ವಾಪಸ್ ಕೇಳ್ಯಾನ, ಅಷ್ಟರಾಗ ಇನ್ನೂ ನಾಕು ಎಮ್ಮಿದು ಮುಗಸ್ಬೇಕು.