ಬುದ್ಧಿಹಲ್ಲು ತೆಗೆಸುವ ಮುನ್ನ ಭಯವನ್ನು ನಿಭಾಯಿಸುವ ಬಗೆ

ಬುದ್ಧಿಹಲ್ಲು ತೆಗೆಸಬೇಕೆಂದು ವೈದ್ಯರು ಹೇಳಿದ ದಿನದಿಂದಲೇ ಅನೇಕರಿಗೆ ನಿದ್ದೆ ಹಾರಿಹೋಗುತ್ತದೆ. ಭಯವನ್ನು ಅದುಮಿಡುವ ಬದಲು, ಹೆದರಿಕೆ ಸೂಜಿಗೋ, ನೋವಿಗೋ, ರಕ್ತಕ್ಕೋ ಎಂಬುದನ್ನು ಗುರುತಿಸಿಕೊಂಡು ಮುಚ್ಚುಮರೆಯಿಲ್ಲದೆ ವೈದ್ಯರಿಗೆ ತಿಳಿಸಿ. ಮಧುಮೇಹ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನೂ ಹೇಳಿ.

ಸಾಮಾನ್ಯವಾಗಿ ಲಿಗ್ನೊಕೇನ್ ಚುಚ್ಚುಮದ್ದಿನಿಂದ ದವಡೆಯ ಆ ಭಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಕೆಳಗಿನ ಹಲ್ಲಾದರೆ, ಕೆಲವೇ ನಿಮಿಷಗಳಲ್ಲಿ ತುಟಿಯ ಒಂದು ಬದಿ ದಪ್ಪಗಾಗಿ, ನಿಮ್ಮದೇ ಅಲ್ಲವೆಂಬಂತೆ ಅನಿಸತೊಡಗುತ್ತದೆ. ಈ ಮದ್ದು ನೋವನ್ನು ತಡೆಯುತ್ತದೆಯೇ ಹೊರತು ಒತ್ತಡದ ಅನುಭವವನ್ನಲ್ಲ. ಆದ್ದರಿಂದ ಹಲ್ಲನ್ನು ಅಲುಗಾಡಿಸುವಾಗ ಎಳೆತವಾದರೆ, ಡ್ರಿಲ್ಲಿನ ಸದ್ದಾದರೆ, ಹಲ್ಲನ್ನು ತುಂಡು ಮಾಡುವಾಗ ಕಟಕ್ಕೆಂಬ ಶಬ್ದ ಕೇಳಿಸಿದರೆ, ಏನೋ ಅನಾಹುತವಾಯಿತೆಂದು ಗಾಬರಿಯಾಗಬೇಕಿಲ್ಲ. ಮದ್ದಿನೊಂದಿಗೆ ಬೆರೆತಿರುವ ಅಡ್ರಿನಲಿನ್‌ನಿಂದ ಸ್ವಲ್ಪ ಹೊತ್ತು ಎದೆ ಢವಢವ ಎನ್ನಬಹುದು. ಇಷ್ಟನ್ನು ಮೊದಲೇ ತಿಳಿದವರ ಭಯ ಎಷ್ಟೋ ಹಗುರಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕೆಂದು ವೈದ್ಯರೊಡನೆ ಮುಂಚಿತವಾಗಿ ಮಾತಾಡಿಕೊಳ್ಳಿ. ನೋವೆನಿಸಿದರೆ ಅವರು ಇನ್ನಷ್ಟು ಮದ್ದು ಕೊಡಬಲ್ಲರು. ಕುರ್ಚಿಯಲ್ಲಿ ಒರಗಿದಾಗ ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ಹೊರಬಿಡಿ, ಬಿಗಿಹಿಡಿದ ಮುಷ್ಟಿಯನ್ನು ಸಡಿಲಿಸಿ.

ಹಿಂದಿನ ರಾತ್ರಿ ಶಸ್ತ್ರಚಿಕಿತ್ಸೆಯ ವಿಡಿಯೊಗಳನ್ನು ದಯವಿಟ್ಟು ನೋಡಬೇಡಿ. ಪೂರ್ಣ ಅರಿವಳಿಕೆಗಾಗಿ ಉಪವಾಸ ಹೇಳಿದ್ದರೆ ಅದನ್ನು ತಪ್ಪದೆ ಪಾಲಿಸಿ. ಹೇಳಿಲ್ಲವಾದರೆ ಎರಡು ಇಡ್ಲಿಯನ್ನಾದರೂ ತಿಂದು ಹೋಗಿ, ಏಕೆಂದರೆ ಹಸಿದ ಹೊಟ್ಟೆಯೂ ಹೆದರಿಕೆಯೂ ಸೇರಿದರೆ ತಲೆ ಸುತ್ತುತ್ತದೆ. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮರಳಿ ಬಂದಾಗ ಬೇಕಾಗುವ ತಣ್ಣನೆಯ ಗಂಜಿ, ಮಂಜುಗಡ್ಡೆ ಮತ್ತು ಬರೆದುಕೊಟ್ಟ ಮಾತ್ರೆಗಳನ್ನು ಮೊದಲೇ ಸಿದ್ಧವಾಗಿಡಿ.